ಕವಾಯತಿನಲ್ಲಿ ನಾನು ಗುಂಪಾಗಿದ್ದೆ

ಕಳೆದ ತಿಂಗಳು ಯಾದಗಿರಿಯ ಮೈದಾನವೊಂದರಲ್ಲಿ ಹೊಸದಾಗಿ ಸೇರಿದ ಪೊಲೀಸರಿಗೆ ಗುಂಪು ಚದುರಿಸುವ ಕವಾಯತು ಕಲಿಸುತ್ತಿದ್ದೆ. ಅರ್ಧ ಜನ ಲಾಠಿ, ಗುರಾಣಿ ಹಿಡಿದು ಪೊಲೀಸರ ಸಾಲಾಗಿ ನಿಲ್ಲಬೇಕು. ಇನ್ನರ್ಧ ಜನ ಬನಿಯನ್ನು ತೊಟ್ಟು, ಲುಂಗಿ ಉಟ್ಟು ಗಲಾಟೆ ಮಾಡುವ ಗುಂಪಾಗಬೇಕು. ಗುಂಪು ಕೂಗಾಡಿತು, ಹಸಿಮಣ್ಣಿನ ಉಂಡೆ ಎಸೆಯಿತು. ನಾನು ಗ್ಯಾಸ್ ಗನ್ ಆಕಾಶಕ್ಕೆ ಎತ್ತಿ ಒಂದು ಅಶ್ರುವಾಯು ಶೆಲ್ ಹಾರಿಸಿದೆ. ಅದು ಅವರ ತಲೆಯ ಮೇಲಿಂದ ಹೋಗಿ ಹಿಂದೆ ಬಿದ್ದು ಹೊಗೆ ಕಾರಿತು. ಎಲ್ಲರೂ ಹಿಂದಕ್ಕೆ ಓಡಿ ಆ ಹೊಗೆಯಲ್ಲೇ ಸಿಕ್ಕಿ ಕೆಮ್ಮುತ್ತ ಕುಳಿತರು. ಒಬ್ಬ ಮಾತ್ರ ಬಗ್ಗಿಕೊಂಡು ಮುಂದಕ್ಕೆ ಓಡಿ ಬಂದ. ಪೊಲೀಸರ ಸಾಲಿನ ಬದಿಯಿಂದ ನುಸುಳಿ ಬೇವಿನ ಮರದ ಕೆಳಗಿದ್ದ ನೀರಿನ ಕೊಡದ ಹತ್ತಿರ ನಿಂತ. ಅವನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ನನ್ನನ್ನು ನೋಡಿ, ಹೇಗೆ ಎನ್ನುವಂತೆ ನಕ್ಕ.

ಸೀಟಿ ಊದುವುದನ್ನೇ ಮರೆತು ನಿಂತೆ. ಆ ಉಪಾಯವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನನಗೂ ಯಾರೂ ಕಲಿಸಿರಲಿಲ್ಲ.

ಮುಂದಿನ ಭಾನುವಾರ ಸುರಪುರದ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಹೆಂಡತಿ ಕೇಳಿದಳು. ತಿಂಥಣಿ ಮೌನೇಶ್ವರನಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆ ಎಂದೆ. ಸುಳ್ಳು. ನನಗೆ ಹೋಗಬೇಕಾಗಿದ್ದುದು ದೇವಾಪುರಕ್ಕೆ, ಮಾನಮ್ಮನ ಮನೆಗೆ. ಹನ್ನೆರಡು ವರ್ಷದಿಂದ ಆ ಕಡೆ ಡ್ಯೂಟಿ ಬಿದ್ದಾಗಲೆಲ್ಲ ಜ್ವರ, ಸೊಂಟನೋವು, ಅತ್ತೆಯ ತಿಥಿ ಎಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ನಮ್ಮತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಶಹಾಪುರ ದಾಟಿದ ಮೇಲೆ ಕಾಲುವೆ ಒಮ್ಮೆ ರಸ್ತೆಯ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸುತ್ತದೆ. ಆ ದಿನ ನೀರು ಬಿಟ್ಟಿದ್ದರು. ಕಿಟಕಿಯಿಂದ ಹೂಳಿನ ವಾಸನೆ ಬಂತು. ಒಣಗಿದ ಕೆಸರಿನ ಮೇಲೆ ಹೊಸ ನೀರು ಹರಿದಾಗ ಬರುವ ಹಸಿ ವಾಸನೆ ಅದು. ಕಾಲುವೆ ಪಕ್ಕದವರಿಗೆ ಅದು ಸುಗ್ಗಿಯ ವಾಸನೆ. ನಾನು ಕಿಟಕಿಯ ಗಾಜು ಎಳೆದೆ.

ಹನ್ನೆರಡು ವರ್ಷದ ಹಿಂದೆ, ಯಾದಗಿರಿ ಜಿಲ್ಲೆಯಾದ ಹೊಸತು. ಕಚೇರಿಗಳಿಗೆ ಬೋರ್ಡು ಬಂದಿತ್ತು, ಕುರ್ಚಿ ಬಂದಿರಲಿಲ್ಲ. ನಾನು ತೆಲುಗು ಗಡಿಯ ಗುರುಮಠಕಲ್ ಕಡೆಯವನು, ಪೊಲೀಸ್ ಕೆಲಸಕ್ಕೆ ಸೇರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಸರಕಾರಿ ನೌಕರಿ ಕಂಡ ಮೊದಲನೆಯವನು ನಾನೇ. ಮೂವತ್ತು ಜನರನ್ನು ಆರಿಸಿ ಮೂರು ತಿಂಗಳು ಗಲಭೆ ನಿಯಂತ್ರಣದ ತರಬೇತಿಗೆ ಹಾಕಿದರು. ಕಲಿಸುವವರನ್ನು ನಾವು ಉಸ್ತಾದರು ಎನ್ನುತ್ತೇವೆ. ನಮ್ಮ ಉಸ್ತಾದರಿಗೆ ದೊಡ್ಡ ಮೀಸೆ, ಸಣ್ಣ ಧ್ವನಿ. ಮೊದಲ ದಿನವೇ ಯಾರಿಗೆ ದನಿ ಜೋರಿದೆ ಎಂದು ಕೇಳಿದರು. ಊರಲ್ಲಿ ಭಜನೆಗೆ ನಿಂತರೆ ಮೂರು ಓಣಿ ಆಚೆಗೆ ಕೇಳಿಸುತ್ತಿದ್ದವನು ನಾನು. ಕೈ ಎತ್ತಿದೆ.

"ಹಂಗಾದ್ರ ನೀ ಗುಂಪಿನ ಲೀಡರ್," ಎಂದರು.

ನಾನು ಒಂದು ದಿನದ ಮಟ್ಟಿಗೆ ಎಂದುಕೊಂಡೆ. ಮೂರು ತಿಂಗಳೂ ನಾನೇ ಲೀಡರ್ ಆದೆ. ಬೇರೆಯವರನ್ನು ಗುಂಪು ಮಾಡಿದರೆ ಅವರು ನಾಚಿಕೊಂಡು ನಿಲ್ಲುತ್ತಿದ್ದರು. ನಾನು "ನೀರು ಕೊಡ್ರಿ, ಇಲ್ಲ ಕುರ್ಚಿ ಬಿಡ್ರಿ" ಎಂದು ಕೂಗಿದರೆ ಬೇವಿನ ಮರದ ಕಾಗೆಗಳೂ ಏಳುತ್ತಿದ್ದವು. ಉಸ್ತಾದರಿಗೆ ಖುಷಿಯೋ ಖುಷಿ. "ಇವನ ಮುಂದ ಡ್ರಿಲ್ ಮಾಡಿದ್ರ ಖರೇ ಗಲಾಟಿ ಮುಂದ ಮಾಡಿದಂಗ ಆಗ್ತದ ನೋಡ್ರಿ," ಎಂದು ಸಾಹೇಬರಿಗೆ ತೋರಿಸುತ್ತಿದ್ದರು. ಆ ಕಡೆ ಪೊಲೀಸರ ಸಾಲಿನಲ್ಲಿ ನಿಂತವರು ಗುರಾಣಿ ಜೋಡಿಸುವುದು, ಲಾಠಿಯನ್ನು ಸೊಂಟದ ಕೆಳಗೇ ಬೀಸುವುದು, ಗ್ಯಾಸ್ ಗನ್ನಿಗೆ ಶೆಲ್ ತುಂಬುವುದು ಇವನ್ನೆಲ್ಲ ಕಲಿತರು. ನಾನು ಬನಿಯನ್ನು ಹರಿದುಕೊಂಡು ಓಡುವುದನ್ನು ಕಲಿತೆ.

ಶೆಲ್ಲುಗಳು ಕಡಿಮೆ ಇದ್ದವು. ಆಗಾಗ ಒಂದೊಂದನ್ನು ಉಸ್ತಾದರೇ ಹಾರಿಸಿ ತೋರಿಸುತ್ತಿದ್ದರು. "ನೆಟ್ಟಗ ಹಿಡಿಬ್ಯಾಡ್ರಿ. ಗುಡಿ ಕಳಸ ನೋಡಿದಂಗ ಮ್ಯಾಲ ಎತ್ರಿ. ಮಂದಿ ಮೈಗೆ ಅಲ್ಲ, ಮಂದಿ ಹಿಂದ ಬೀಳಬೇಕು." ಅವರು ಎತ್ತಿ ಹೊಡೆದದ್ದು ಯಾವಾಗಲೂ ನಮ್ಮ ಹಿಂದೆಯೇ ಬೀಳುತ್ತಿತ್ತು. ಎರಡನೆಯ ಸಲಕ್ಕೇ ನನಗೆ ಗುಟ್ಟು ತಿಳಿಯಿತು. ಹಿಂದೆ ಓಡಿದವನಿಗೆ ಹೊಗೆ, ಮುಂದೆ ಓಡಿದವನಿಗೆ ನೀರಿನ ಕೊಡ. ಮೂರು ತಿಂಗಳಲ್ಲಿ ನನ್ನ ಕಣ್ಣಿಗೆ ಒಮ್ಮೆಯೂ ಹೊಗೆ ತಾಗಲಿಲ್ಲ. ಅದೇ ಒಂದು ದೊಡ್ಡ ವಿದ್ಯೆ ಎಂದು ನಾನು ಬೀಗುತ್ತಿದ್ದೆ.

ಉಸ್ತಾದರು ಇನ್ನೊಂದು ಮಾತು ದಿನಾ ಹೇಳುತ್ತಿದ್ದರು. "ಗುಂಪಿಗೆ ಓಡಾಕ ಒಂದ ದಾರಿ ಬಿಡ್ರಿ. ದಾರಿ ಇಲ್ಲದ ಬೆಕ್ಕು ಮೈಮ್ಯಾಲ ಬೀಳ್ತದ." ಮೈದಾನಕ್ಕೆ ನಾಲ್ಕೂ ಕಡೆ ದಾರಿಯೇ ಇತ್ತು. ಹಾಗಾಗಿ ಆ ಮಾತನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಕೊನೆಯ ದಿನ ಒಂದು ರಿಜಿಸ್ಟರು ಮುಂದಿಟ್ಟರು. ಪ್ರತಿಯೊಬ್ಬರೂ ಗ್ಯಾಸ್ ಗನ್ನಿನಿಂದ ಮೂರು ಸುತ್ತು ಹಾರಿಸಿದ್ದಾರೆ ಎಂದು ಅದರಲ್ಲಿ ಮೊದಲೇ ಬರೆದಿತ್ತು. ಮೂವತ್ತು ಜನರೂ ಸಹಿ ಮಾಡಿದೆವು. ನಾನಂತೂ ಆ ಗನ್ನನ್ನು ಕೈಯಿಂದ ಮುಟ್ಟಿಯೂ ಇರಲಿಲ್ಲ. ನನ್ನ ಹೆಸರಿನ ಮುಂದೆ ಉಸ್ತಾದರು 'ಉತ್ತಮ' ಎಂದು ಬರೆದಿದ್ದರು. ಗುಂಪಿನ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅದು ಅವರ ಇನಾಮು. ನಾನೂ ಹಿಗ್ಗಿದೆ, ಅಪ್ಪನಿಗೆ ಫೋನು ಮಾಡಿ ಹೇಳಿದೆ.

ಬೇಸಿಗೆ ಏರುವ ಹೊತ್ತಿಗೆ ಕಾಲುವೆಯ ಕೊನೆ ಭಾಗದ ಹಳ್ಳಿಗಳಲ್ಲಿ ನೀರಿನ ಗದ್ದಲ ಎದ್ದಿತು. ಮೇಲಿನವರು ಬತ್ತ ಹಚ್ಚಿ ನೀರೆಲ್ಲ ನಿಲ್ಲಿಸಿಕೊಳ್ಳುತ್ತಾರೆ, ಕೆಳಗಿನವರ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಲುವೆ ಬರಿದಾಗುತ್ತದೆ. ದೇವಾಪುರದ ಆಚೆ ಉಪಕಾಲುವೆಗೆ ನೀರು ಬಿಡುವ ಒಂದು ಗೇಟು ಇತ್ತು. ಅದನ್ನು ಎತ್ತಬೇಕೆಂದು ರೈತರು ಕಾಲುವೆಯ ದಂಡೆಯ ಮೇಲೆ ಧರಣಿ ಕುಳಿತರು. ಗೇಟು ಕಾಯಲು ನಮ್ಮನ್ನು ಹನ್ನೊಂದು ಜನರನ್ನು ಕಳಿಸಿದರು. ನಮ್ಮ ಪಿಎಸ್‌ಐ ಸಾಹೇಬರು ಕೈಯಲ್ಲಿದ್ದ ಪಟ್ಟಿ ಓದಿದರು. "ಸಾಬಣ್ಣ ಯಾರೋ? ಉತ್ತಮ ಅಂತ ಬರದಾರ. ಗ್ಯಾಸ್ ಗನ್ ನೀನ ತಗೋ."

ತಗೊಂಡೆ. ಅಷ್ಟು ಭಾರ ಇರುತ್ತದೆ ಎಂದು ಆಗಲೇ ಗೊತ್ತಾದದ್ದು.

ಅವತ್ತೇ ಗೇಟಿನ ಹಿಂದೆ ಹೋಗಿ ಉಸ್ತಾದರಿಗೆ ಫೋನು ಹಚ್ಚಿದೆ. "ಉಸ್ತಾದ್ರೇ, ನನಗ ಇದನ್ನ ಹಿಡಿಯಾಕೂ ಬರಂಗಿಲ್ಲ. ಸಾಹೇಬರಿಗೆ ಹೇಳಿಬಿಡ್ಲೇನ್ರಿ?"

ಉಸ್ತಾದರು ತಮ್ಮ ಸಣ್ಣ ಧ್ವನಿಯನ್ನು ಇನ್ನೂ ತಗ್ಗಿಸಿದರು. "ಹೇಳಿದ್ರ ನಿನ್ನ ಒಂದ ಸಹಿ ಅಲ್ಲೋ ಸುಳ್ಳಾಗೋದು, ಮೂವತ್ತೂ ಸುಳ್ಳಾಗ್ತಾವ. ಮೊದಲ ನಿನ್ನ ನೌಕರಿ ಹೋಗ್ತದ, ಆಮ್ಯಾಲ ನಂದು. ಹೆಗಲಿಗೆ ಹಾಕ್ಕೊಂಡು ಸುಮ್ಮನ ನಿಂತ್ಕೊ. ಅದನ್ನ ನೋಡೇ ಮಂದಿ ಅಂಜತಾರ. ಹೊಡಿಯೋ ಪ್ರಸಂಗ ಬರಂಗಿಲ್ಲ."

ಜೊತೆಯವರಲ್ಲಿ ಯಾರಿಗಾದರೂ ಕಲಿಸಲು ಹೇಳಬಹುದಿತ್ತು. ಆದರೆ ಆ ಹನ್ನೊಂದು ಜನರಲ್ಲಿ ನನ್ನ ತರಬೇತಿಯವರು ಯಾರೂ ಇರಲಿಲ್ಲ, ಉಳಿದವರೆಲ್ಲ ಲಾಠಿಯವರು. ಅವರು ನನ್ನನ್ನೇ 'ಗ್ಯಾಸ್ ಮಾಸ್ತರ' ಎಂದು ಕರೆಯತೊಡಗಿದ್ದರು. ಮಾಸ್ತರ ಹೋಗಿ ಯಾರನ್ನು ಕೇಳಬೇಕು?

ಗೇಟಿನ ಪಕ್ಕ ತಗಡಿನ ಮಾಡಿನ ಒಂದು ಖೋಲಿ ಇತ್ತು. ನೀರಿನ ಅಳತೆ ಬರೆಯುವವನಿಗಾಗಿ ಕಟ್ಟಿದ್ದು. ಹನ್ನೊಂದು ಜನ ಅದರಲ್ಲಿ ಹತ್ತೊಂಬತ್ತು ದಿನ ಇದ್ದೆವು. ರಜೆ ಬಂದ್ ಮಾಡಿದ್ದರು. ದಂಡೆ ಅಂದರೆ ಒಂದು ಟ್ರ್ಯಾಕ್ಟರು ಹೋಗುವಷ್ಟು ಅಗಲದ ಮಣ್ಣಿನ ದಾರಿ. ಒಂದು ಕಡೆ ಕಲ್ಲು ಹಾಸಿದ ಇಳಿಜಾರು, ಅದರ ಕೆಳಗೆ ತುಂಬಿ ಹರಿಯುವ ಕಾಲುವೆ. ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಇನ್ನೊಂದು ಕಡೆ ಮೊಣಕಾಲುದ್ದ ಕೆಸರಿನ ಬತ್ತದ ಗದ್ದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನಮಗೆ ಅತ್ತ ನೀರು ಇತ್ತ ಕೆಸರು. ನಡುವಿನ ಆ ಪಟ್ಟಿಯ ಮೇಲೆ ಈ ತುದಿಗೆ ನಾವು, ಆ ತುದಿಗೆ ಅವರು. ಎದುರಿಗೇ ಅಷ್ಟು ನೀರು ಹರಿಯುತ್ತಿದ್ದರೂ ಸೆಕೆಗೆ ಜೀವ ಬೇಯುತ್ತಿತ್ತು. ಗನ್ನನ್ನು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಚರಿಗಿ ಹಿಡಿದು ಬಯಲಿಗೆ ಹೋಗಬೇಕಾದರೂ ಇನ್ನೊಬ್ಬನ ಕೈಗೆ ಕೊಟ್ಟು, ಬಂದು ಇಸಿದುಕೊಳ್ಳಬೇಕು.

ನಮ್ಮ ಊಟದ ವ್ಯಾನು ಸುರಪುರದಿಂದ ಬರಬೇಕಿತ್ತು. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಬರುತ್ತಿತ್ತು. ಮೂರನೆಯ ದಿನ ಧರಣಿಯ ಕಡೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಸೀದಾ ನಮ್ಮ ಹತ್ತಿರ ಬಂದಳು. ಐವತ್ತು ದಾಟಿದ ಹೆಂಗಸು, ಒಂದು ಮೊಣಕಾಲು ಎಳೆದು ನಡೆಯುತ್ತಿದ್ದಳು. ಆಕೆಯೇ ಮಾನಮ್ಮ. ಕಾಲುವೆಯ ಕೊನೆಯಲ್ಲಿ ಆಕೆಗೆ ಒಂದೂವರೆ ಎಕರೆ ಶೇಂಗಾ ಇತ್ತು. ಉಳಿದ ದಿನ ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು.

"ಬರ್ರಿ, ಉಣ್ರಿ," ಎಂದು ಬುಟ್ಟಿ ಇಳಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ಪಿಎಸ್‌ಐ ಸಾಹೇಬರು, "ಏನಬೇ, ನಮಗ ಉಣಿಸಿ ಗೇಟ್ ಎತ್ತಿಸ್ಕೊಬೇಕಂತ ಮಾಡೀರೇನು?" ಎಂದು ಗದರಿದರು.

"ಗೇಟು ನಾವ ಎತ್ತತೀವ್ರಿ ಸಾಹೇಬ್ರ, ನಮ್ಮ ರಟ್ಟಿ ಗಟ್ಟಿ ಅವ. ನೀವು ಹಸದ ಹೊಟ್ಟೀಲೆ ಹೊಡದ್ರ ನಮಗ ಹತ್ತಂಗಿಲ್ಲ, ನಿಮಗೂ ಪುಣ್ಯ ಬರಂಗಿಲ್ಲ. ಉಣ್ರಿ."

ಸಾಹೇಬರೂ ನಕ್ಕರು. ಅವತ್ತಿನಿಂದ ಬುಟ್ಟಿ ದಿನಾ ಬಂತು. ನನ್ನನ್ನು ಕಂಡರೆ ಆಕೆಗೆ ಏನೋ ಸಲಿಗೆ. ನನ್ನ ಮಾತಿನಲ್ಲಿ ತೆಲುಗಿನ ಎಳೆತ ಇದೆಯೆಂದು ಅಣಕಿಸುತ್ತಿದ್ದಳು. ಭಜನೆ ಪದ ಹೇಳಿಸಿ ಕೇಳುತ್ತಿದ್ದಳು. ಇಕ್ಕಟ್ಟಿನ ಆ ದಿನಗಳಲ್ಲಿ ಮಧ್ಯಾಹ್ನದ ಆ ಅರ್ಧ ತಾಸು ಮಾತ್ರ ನಾನು ಉಸಿರು ಬಿಡುತ್ತಿದ್ದೆ.

ಒಂದು ದಿನ ನನ್ನ ತೊಡೆಯ ಮೇಲಿದ್ದ ಗನ್ ನೋಡಿ ಕೇಳಿದಳು. "ಇದೇನೋ ತಮ್ಮಾ? ಇಷ್ಟ ದಪ್ಪ ನಳಿಗಿ?"

"ಗ್ಯಾಸ್ ಗನ್ ರಿ ಯಮ್ಮಾ. ಇದರಿಂದ ಹೊಗಿ ಬಿಡ್ತಾರ. ಕಣ್ಣೀರು ಬರ್ತದ."

"ಅಳಸಾಕ ಬಂದೂಕ ಯಾಕ ಬೇಕೋ? ನಮ್ಮ ಶೇಂಗಾ ಹೊಲಕ್ಕ ಒಂದ ಸಲ ಕರಕೊಂಡು ಹೋಗು ಸಾಕು." ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಖರೇನ ಹೊಡಿತಾರೇನು? ಹೊಡದ್ರ ಎಲ್ಲಾರು ಓಡ್ತಾರ. ನನಗ ಈ ಮೊಣಕಾಲು. ನಾ ಏನ ಮಾಡ್ಲಿ?"

ಆಗ ನನ್ನೊಳಗಿನ ಲೀಡರ್ ಎದ್ದು ಕುಳಿತ. ಇಡೀ ಪೊಲೀಸ್ ಕೆಲಸದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದುದು ಅದೊಂದೇ. "ನೀವು ಹಿಂದ ಓಡಲೇಬ್ಯಾಡ್ರಿ ಯಮ್ಮಾ. ಶೆಲ್ಲು ತಲಿ ಮ್ಯಾಲಿಂದ ಹೋಗಿ ಹಿಂದ ಬೀಳ್ತದ. ಹಿಂದ ಓಡಿದವರೇ ಹೊಗ್ಯಾಗ ಸಿಗೋದು. ನೀವು ಸೆರಗು ಮುಖಕ್ಕ ಹಿಡಕೊಂಡು, ಬಗ್ಗಿ, ನನ್ನ ಕಡಿಗಿ ಬರ್ರಿ. ಮುಂದ ಬಂದ್ರ ಏನೂ ಆಗಂಗಿಲ್ಲ."

"ಬಂದೂಕಿನ ಕಡಿಗಿ?"

"ಹೌದ್ರಿ. ನಾನೇ ಎಷ್ಟ ಸಲ ಬಂದೀನಿ."

ಆಕೆ ನನ್ನ ಮುಖ ನೋಡಿದಳು. ನಂಬಿದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ನಾಲ್ಕು ದಿನದಲ್ಲಿ ಮೇಲಿನಿಂದ ನೀರು ನಿಲ್ಲುತ್ತದೆ ಎಂಬ ಸುದ್ದಿ ಬಂತು. ಆ ಮೇಲೆ ಗೇಟು ಎತ್ತಿದರೂ ಒಂದೇ, ಬಿಟ್ಟರೂ ಒಂದೇ. ಹತ್ತು ಗಂಟೆಗೆ ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಕ್ಟರು ಬಂದವು. ಮುನ್ನೂರು ಜನರಿದ್ದರೋ ನಾನೂರೋ, ಆ ಸಣ್ಣ ದಂಡೆಯ ಮೇಲೆ ಎಣಿಸಲಾಗದಂತೆ ಒತ್ತಿಕೊಂಡು ನಿಂತರು. ಮುಂದಿನವರ ಕೈಯಲ್ಲಿ ಹಾರೆ. ಖಾಲಿ ಟ್ರ್ಯಾಲಿಗಳು ಅವರ ಹಿಂದೆ ದಂಡೆಗೆ ಅಡ್ಡಲಾಗಿ ನಿಂತಿದ್ದವು. ತಹಸೀಲ್ದಾರರ ಜೀಪು ಬಂತು. ಮಾತುಕತೆ ಆಯಿತು, ಮುರಿಯಿತು. ಒಂದು ಮಣ್ಣಿನ ಹೆಂಟೆ ಹಾರಿ ಬಂದು ಖೋಲಿಯ ತಗಡಿಗೆ ಬಡಿಯಿತು. ಇನ್ನೊಂದು ನಮ್ಮವನೊಬ್ಬನ ಭುಜಕ್ಕೆ ಬಿತ್ತು. ತಹಸೀಲ್ದಾರರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಆದೇಶಕ್ಕೆ ಸಹಿ ಮಾಡಿದರು.

ಎಲ್ಲವೂ ಕವಾಯತಿನಂತೆಯೇ ನಡೆಯಿತು. ಚದುರದಿದ್ದರೆ ಬಲ ಪ್ರಯೋಗ ಮಾಡಲಾಗುವುದು ಎಂಬ ಬ್ಯಾನರು ಬಿಚ್ಚಿದರು. ಸಾಹೇಬರು ಮೈಕಿನಲ್ಲಿ ಮೂರು ಸಲ ಎಚ್ಚರಿಕೆ ಓದಿದರು. ನಾನು ಮಾತ್ರ ತಪ್ಪು ಕಡೆ ನಿಂತಿದ್ದೆ. ಗುಂಪಿನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎಡಕ್ಕೆ ನೀರು, ಬಲಕ್ಕೆ ಕೆಸರು, ಹಿಂದೆ ಟ್ರ್ಯಾಲಿ. ಚದುರಿರಿ ಎಂದರೆ ಎಲ್ಲಿಗೆ ಚದುರಬೇಕು?

"ಸರ್, ಅವರಿಗೆ ಹಿಂದ ದಾರಿ ಇಲ್ರಿ. ಟ್ರ್ಯಾಲಿ ಅಡ್ಡ ಅವ. ಹಿಂದ ಬಿಟ್ರ ನೀರಿಗೆ ಬೀಳ್ತಾರ."

"ಎಲ್ಲಿ ಬಿಡಬೇಕು ಅನ್ನೋದು ನಿನಗ ಗೊತ್ತಿಲ್ಲೇನೋ? ಮಾಸ್ತರ ನೀನೋ ನಾನೋ?" ಸಾಹೇಬರ ಕುತ್ತಿಗೆಯ ನರ ಉಬ್ಬಿತ್ತು. ಅವರಿಗೂ ಭಯವಾಗಿತ್ತು ಎಂದು ಈಗ ಅನ್ನಿಸುತ್ತದೆ. ನಮ್ಮ ಹಿಂದೆಯೂ ಗೇಟಿನ ಗೋಡೆ, ಅದರ ಪಕ್ಕದ ಸಂದಿಗೆ ಜೀಪು ಅಡ್ಡ, ನಮಗೂ ಓಡಲು ದಾರಿ ಇರಲಿಲ್ಲ.

ಆಗ ಹೇಳಬಹುದಿತ್ತು. ಸರ್, ನನಗೆ ಬರುವುದಿಲ್ಲ, ನಾನು ಇದನ್ನು ಒಮ್ಮೆಯೂ ಹೊಡೆದಿಲ್ಲ. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನಿಗೆ ಮಾಡಿದ ಫೋನು ನೆನಪಾಯಿತು, ಮೂವತ್ತು ಸಹಿ ನೆನಪಾಯಿತು. ಬಾಯಿ ಮುಚ್ಚಿಕೊಂಡು ಶೆಲ್ ತುಂಬಿದೆ. ಅದೂ ಎರಡನೆಯ ಯತ್ನಕ್ಕೆ ಕೂತಿತು.

"ಫೈರ್!"

ನಳಿಗೆ ಎತ್ತಿದೆ. ಗುಡಿಯ ಕಳಸ, ಗುಡಿಯ ಕಳಸ ಎಂದುಕೊಳ್ಳುತ್ತಲೇ ಎತ್ತಿದೆ. ಅದೇ ಹೊತ್ತಿಗೆ ಗುಂಪಿನ ಎಡ ಅಂಚಿನಿಂದ ಒಬ್ಬ ಹೆಂಗಸು ಸೆರಗು ಮುಖಕ್ಕೆ ಹಿಡಿದು, ಬಗ್ಗಿ, ಕಾಲೆಳೆಯುತ್ತ ನನ್ನ ಕಡೆಗೆ ಬರುವುದು ಕಾಣಿಸಿತು. ಒಬ್ಬಳೇ. ಉಳಿದವರೆಲ್ಲ ಹಿಂದಕ್ಕೆ ತಿರುಗಿದ್ದರು. ಹೇಳಿಕೊಟ್ಟಿದ್ದನ್ನು ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದಳು. ಗನ್ನಿನ ಕುದುರೆ ಅದುಮಲು ಅಷ್ಟು ಬಲ ಬೇಕೆಂದು ನನಗೆ ತಿಳಿದಿರಲಿಲ್ಲ. ಎರಡು ಬೆರಳು ಹಾಕಿ ಜಗ್ಗಿದೆ. ಜಗ್ಗುವ ರಭಸಕ್ಕೆ ನಳಿಗೆ ಕೆಳಗಿಳಿಯಿತು. ನಾನೆಲ್ಲಿದ್ದೇನೆ ಎಂದು ನೋಡಲು ಆಕೆ ಆಗಲೇ ತಲೆ ಎತ್ತಿದಳು.

ಶೆಲ್ ನೆಟ್ಟಗೆ ಹೋಯಿತು.

ಆಮೇಲೆ ಹೊಗೆ. ಗಾಳಿ ನಮ್ಮ ಕಡೆಗೇ ಇತ್ತು. ಪೊಲೀಸರು ಅತ್ತರು, ತಹಸೀಲ್ದಾರರು ಅತ್ತರು. ನಾಲ್ಕೈದು ಜನ ಕಾಲುವೆಗೆ ಬಿದ್ದರು, ಅವರವರೇ ಪಂಚೆ ಎಸೆದು ಮೇಲೆಳೆದುಕೊಂಡರು. ಯಾರೂ ಸಾಯಲಿಲ್ಲ. ಮಾನಮ್ಮ ಕಲ್ಲಿನ ಇಳಿಜಾರಿನ ಅಂಚಿನಲ್ಲಿ ಕುಳಿತು ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಆಕೆಯನ್ನು ತಹಸೀಲ್ದಾರರ ಜೀಪಿನಲ್ಲೇ ಸುರಪುರಕ್ಕೆ, ಅಲ್ಲಿಂದ ಕಲಬುರಗಿಗೆ ಒಯ್ದರು. ಎಡಗಣ್ಣು ಹೋಯಿತು.

ಗೇಟು ಎತ್ತಲಿಲ್ಲ. ನಾಲ್ಕು ದಿನಕ್ಕೆ ಕಾಲುವೆಯೇ ಬರಿದಾಯಿತು.

ವರದಿ ಬರೆದರು. ಗನ್ ಹಾರಿಸಿದವನು ತರಬೇತಿ ಪಡೆದವನು, ಶ್ರೇಣಿ ಉತ್ತಮ, ನಿಯಮದಂತೆಯೇ ಮೇಲ್ಮುಖವಾಗಿ ಹಾರಿಸಿದ್ದಾನೆ. ಹೆಂಗಸು ಗುಂಪಿನಿಂದ ಬೇರೆಯಾಗಿ ಪೊಲೀಸರ ಮೇಲೆ ಏರಿ ಬಂದಳು. ಹಲ್ಲೆಯ ಉದ್ದೇಶವಿತ್ತು. ಮಾನಮ್ಮನ ಮೇಲೆ ಕೇಸು ಹಾಕಿದರು. ಎಲ್ಲರೂ ಹಿಂದೆ ಓಡಿದಾಗ ಆಕೆಯೊಬ್ಬಳು ಮುಂದೆ ಯಾಕೆ ಬಂದಳು? ಅದೇ ಆಕೆಯ ವಿರುದ್ಧದ ಸಾಕ್ಷಿ. ಕಾಗದ ನನ್ನ ಮುಂದೆ ಬಂದಾಗ ಓದಿದೆ, ಸಹಿ ಹಾಕಿದೆ. ಆಕೆ ಯಾಕೆ ಬಂದಳು ಎಂಬುದು ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ನಾನು ಬಾಯಿ ಬಿಟ್ಟರೆ ಆಕೆಯ ಕೇಸು ಹೋಗುತ್ತಿತ್ತು, ನನ್ನ ನೌಕರಿಯೂ ಹೋಗುತ್ತಿತ್ತು. ಇದನ್ನು ತೂಗಿ ನೋಡಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಮೊದಲ ಮಳೆ ಬಿದ್ದ ವಾರ ಸುರಪುರದಲ್ಲಿ ಶೆಲ್ ಹಾರಿಸಿದ್ದರ ಬಗ್ಗೆ ಇಲಾಖೆಯ ವಿಚಾರಣೆ ನಡೆಯಿತು. ಸಣ್ಣ ಕೋಣೆ, ಒದ್ದೆ ಕೊಡೆಗಳು. ಮಾನಮ್ಮನಿಗೆ ಕುರ್ಚಿ ಕೊಟ್ಟಿದ್ದರು. ಕಣ್ಣಿಗೆ ಬಿಳಿ ಬಟ್ಟೆಯ ಪಟ್ಟಿ. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಅಧಿಕಾರಿಗಳು ಸಮಾಧಾನದಿಂದಲೇ ಕೇಳಿದರು. "ಎಲ್ಲಾರೂ ಹಿಂದ ಓಡಿದ್ರಂತ. ನೀನೊಬ್ಬಾಕಿ ಮುಂದ ಯಾಕ ಹೋದಿ? ಯಾರರ ಹೇಳಿದ್ರೇನು?"

ಆಕೆ ಉಳಿದ ಒಂದು ಕಣ್ಣನ್ನು ನಿಧಾನವಾಗಿ ತಿರುಗಿಸಿದಳು. ನನ್ನ ಮೇಲೆ ನಿಲ್ಲಿಸಿದಳು. ನನಗೆ ಬಾಗಿಲು ಹಿಂದೆಯೇ ಇತ್ತು, ಕಾಲು ಮಾತ್ರ ಕೀಳಲಾಗಲಿಲ್ಲ.

"ಯಾರೂ ಹೇಳಿಲ್ರಿ," ಎಂದಳು. "ಅಂಜಿಕ್ಯಾಗ ದಿಕ್ಕು ತಪ್ಪಿತು."

ಅಷ್ಟನ್ನೇ ಬರೆದುಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು. ನಾಲ್ಕು ಹೆಜ್ಜೆ ಅಷ್ಟೆ, ಮೇಜಿಗೂ ನನಗೂ. ಹೇಳಲಿಲ್ಲ.

ಎರಡು ವರ್ಷ ಆಕೆ ಕೋರ್ಟಿಗೆ ಅಲೆದಳಂತೆ. ಆಮೇಲೆ ಧರಣಿಯ ಕೇಸುಗಳನ್ನೆಲ್ಲ ಒಟ್ಟಿಗೇ ಹಿಂದಕ್ಕೆ ತೆಗೆದುಕೊಂಡಾಗ ಇದೂ ಹೋಯಿತು. ನಾನು ಕಾಯಂ ಆದೆ. ಬಡ್ತಿ ಬಂತು. ಉಸ್ತಾದರು ನಿವೃತ್ತರಾದಾಗ ಇಲಾಖೆಯವರು ಹಳೆಯ ರಿಜಿಸ್ಟರು ತೆಗೆದು ಯಾರು ಉತ್ತಮ ಎಂದು ನೋಡಿದರು. ಅವರ ಜಾಗಕ್ಕೆ ನನ್ನನ್ನೇ ಹಾಕಿದರು. ನನ್ನ ಕೈಕೆಳಗೆ ಈಗ ಯಾರೂ ಹಾರಿಸದೆ ಸಹಿ ಹಾಕುವುದಿಲ್ಲ. ಗುಂಪಾದವರು ಮರುದಿನ ಪೊಲೀಸರಾಗಲೇಬೇಕು. ಕುಣಿಯಲು ಬಾರದವಳು ನೆಲ ಡೊಂಕು ಎಂದ ಹಾಗೆ ಬಹಳ ವರ್ಷ ನಾನು ಆ ದಂಡೆಯನ್ನು, ಆ ಟ್ರ್ಯಾಲಿಗಳನ್ನು, ಆ ಸಾಹೇಬರನ್ನು ಬೈದುಕೊಂಡೆ. ನೆಲ ಡೊಂಕಿತ್ತು ನಿಜ. ಕುಣಿಯಲು ಬರುತ್ತಿರಲಿಲ್ಲ ಎಂಬುದೂ ನಿಜ.

ದೇವಾಪುರದಲ್ಲಿ ಇಳಿದು ಕೇಳಿದಾಗ ಮನೆ ತೋರಿಸಿದರು. ಮಾನಮ್ಮ ಪಡಸಾಲೆಯ ನೆರಳಿನಲ್ಲಿ ಕುಳಿತು ಕೆಂಪು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ. ನಾನು ಅಂಗಳದ ಬಿಸಿಲಲ್ಲೇ ನಿಂತೆ.

"ಯಾರಪಾ ಅದು?"

"ನಾನ್ರಿ ಯಮ್ಮಾ. ಸಾಬಣ್ಣ. ಗೇಟಿನ ಹತ್ರ ಇದ್ದ ಪೊಲೀಸ."

ಕೈ ನಿಂತಿತು. ಮತ್ತೆ ಒಂದು ಕಾಯಿ ತೆಗೆದುಕೊಂಡಳು, ತೊಟ್ಟು ಮುರಿದಳು. "ದಪ್ಪ ಆಗೀಯಲ್ಲೋ," ಎಂದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು. "ನಿನಗ ಒಂದ ಮಾತು ಕೇಳಬೇಕಂತ ಇಟ್ಕೊಂಡು ಕುಂತೀನಿ. ಅವತ್ತ ಮುಂದ ಬರ್ರಿ ಅಂದಿದ್ದಿ. ಹೊಡಿಬೇಕಂತೇ ಅಂದಿದ್ದೇನು?"

ನಾನು ಏನೇನೋ ಊಹಿಸಿಕೊಂಡು ಬಂದಿದ್ದೆ. ಬೈಯುತ್ತಾಳೆ, ಅಳುತ್ತಾಳೆ, ಹೊರಗೆ ಹಾಕುತ್ತಾಳೆ. ಇಷ್ಟು ವರ್ಷ ಆಕೆ ಇದನ್ನು ನಂಬಿ ಬದುಕಿರಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

"ಇಲ್ರಿ ಯಮ್ಮಾ. ನಾ ಹೇಳಿದ್ದು ಖರೇನೇ ಇತ್ತು. ನನಗ ಹೊಡಿಯಾಕ ಬರ್ತಿರಲಿಲ್ರಿ. ಅದೇ ಮೊದಲನೇ ಸಲ ಹೊಡದಿದ್ದು."

"ಬರ್ತಿರಲಿಲ್ಲಾ? ಮತ್ತ ಕೈಯಾಗ ಯಾಕ ಹಿಡದಿದ್ದಿ?"

"ಬರಂಗಿಲ್ಲ ಅನ್ನಾಕ ಧೈರ್ಯ ಆಗಲಿಲ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು, ಸೊಸೆ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಮೆಣಸಿನಕಾಯಿಯ ಘಾಟಿಗೆ ನನ್ನ ಕಣ್ಣು ಉರಿಯುತ್ತಿತ್ತು. ಒರೆಸಿಕೊಂಡು ಕೇಳಿದೆ. "ಹೊಡಿಬೇಕಂತೇ ಕರದಾನ ಅಂತ ತಿಳಕೊಂಡಿದ್ರಲ್ಲ. ಹಂಗಾದ್ರ ವಿಚಾರಣ್ಯಾಗ ನನ್ನ ಯಾಕ ತೋರಿಸಲಿಲ್ರಿ?"

"ತೋರಿಸಿದ್ರ ಊರು ನಗತಿತ್ತಲ್ಲೋ. ಪೊಲೀಸನ ಮಾತು ನಂಬಿ ಬಂದೂಕಿನ ಮುಂದ ಹೋಗಿ ನಿಂತ್ಲು ಮಾನಮ್ಮ ಅಂತ. ಕಣ್ಣಂತೂ ಹೋಗಿತ್ತು. ನಗಿಪಾಟಲು ಬ್ಯಾರೆ ಯಾಕ ಆಗಲಿ?"

ನನ್ನನ್ನು ಉಳಿಸಲೆಂದು ಆಕೆ ಸುಳ್ಳು ಹೇಳಿದಳು ಎಂದು ಹನ್ನೆರಡು ವರ್ಷ ನಂಬಿದ್ದೆ. ರಾತ್ರಿ ನಿದ್ದೆ ಬಾರದಾಗ ಆ ಕರುಣೆಯನ್ನೇ ನೆನೆದು ಅತ್ತದ್ದೂ ಉಂಟು. ಕರುಣೆಯೂ ಇಲ್ಲ, ಏನೂ ಇಲ್ಲ. ನಾನು ಅಂಥ ಮನುಷ್ಯ ಎಂದು ತಿಳಿದೇ ಆಕೆ ಬಾಯಿ ಮುಚ್ಚಿಕೊಂಡಿದ್ದಳು.

ಆಕೆ ಇನ್ನೊಂದು ಹಿಡಿ ಮೆಣಸಿನಕಾಯಿ ಮುಗಿಸಿದಳು. ಬಿಸಿಲು ನೆತ್ತಿ ಸುಡುತ್ತಿತ್ತು.

"ಬಿಸಿಲಾಗ ಯಾಕ ನಿಂತಿ? ಮುಂದ ಬಾ," ಎಂದಳು.

ಅಂಗಳಕ್ಕೂ ಪಡಸಾಲೆಗೂ ಮೂರು ಹೆಜ್ಜೆ. ನನ್ನ ಕಾಲು ಏಳಲಿಲ್ಲ.

"ಬಾರೋ. ನನ್ನ ಕೈಯಾಗ ಏನೂ ಇಲ್ಲ," ಎಂದು ಮಾನಮ್ಮ ಮೆಣಸಿನಕಾಯಿಯ ಬಣ್ಣ ಹತ್ತಿದ ಎರಡೂ ಅಂಗೈ ಎತ್ತಿ ತೋರಿಸಿದಳು.